ಗೋಡೆಯ ಮುಂದೆ ನಿಂತಿದ್ದವಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮೋಟನಿಗೆ,

ಊರಿಗೆಲ್ಲ ನೀನು ದೊಡ್ಡ ಫುಟ್‌ಬಾಲ್ ಫಾರ್ವರ್ಡ್ ಇರಬಹುದು, ನನಗೆ ಮೋಟನೇ. ಆರೋಗ್ಯ ತಾನೆ? ಮಂಡಿಯ ಊತ ಇಳಿದಿದೆ ಎಂದು ಪೇಪರಿನಲ್ಲಿ ಓದಿದೆ. ಸ್ವಂತ ತಮ್ಮನ ಮಂಡಿಯ ಸಮಾಚಾರವನ್ನು ಪೇಪರಿನವರು ತಿಳಿಸಬೇಕು, ಇರಲಿ. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ನಿನ್ನ ಕ್ಲಬ್ಬಿನ ಪ್ರಚಾರದವನು ಬಂದಿದ್ದ. ಟೈ ಸರಿಮಾಡಿಕೊಳ್ಳುತ್ತಾ ಕುರ್ಚಿಯ ತುದಿಯಲ್ಲಿ ಕೂತು, ನಿನ್ನ ವಿದಾಯದ ಪಂದ್ಯದ ದಿನ ಏನೇನು ನಡೆಯುತ್ತದೆ ಎಂದು ವಿವರಿಸಿದ. ನಮ್ಮ ಓಣಿಯ ಗೋದಾಮಿನ ಹಿಂದಿನ ಗೋಡೆಯಿಂದ ಒಂದು ತುಂಡು ಕೊಯ್ದು ತಂದು, ಸ್ಟೇಡಿಯಮ್ಮಿನ ಬಾಗಿಲಲ್ಲಿ ನಿಲ್ಲಿಸಿ, ಸುತ್ತ ಗಾಜು ಹಾಕಿ, ‘ಇವನ ಮೊದಲ ಗುರು’ ಎಂದು ಬರೆಸುತ್ತಾರಂತೆ. ಅಮ್ಮ ಮತ್ತು ನಾನು ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಟೀವಿಯವರು ಕೇಳಿದರೆ, ನನ್ನ ತಮ್ಮ ಒಬ್ಬನೇ ಆ ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತ ಎಂದು ನಾನು ಹೇಳಬೇಕಂತೆ. ಸಂಜೆ ನೀನೂ ಫೋನು ಮಾಡಿ, “ಜಾಸ್ತಿ ಏನೂ ಬೇಡ ಕಣಕ್ಕಾ, ಅಷ್ಟು ಹೇಳ್ಬಿಡು ಸಾಕು” ಅಂದೆ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಫೋನಿನಲ್ಲಿ ನಿನ್ನ ಜೊತೆ ಜಗಳ ಆಡಲು ಆಗುವುದಿಲ್ಲ, ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಲೋ ಮೋಟ, ಗೋಡೆ ಇತ್ತು, ಇಲ್ಲ ಅನ್ನುವುದಿಲ್ಲ. ನನ್ನ ಬೆನ್ನ ಹಿಂದೆ ಇತ್ತು.

ಗೋಡೆಗೆ ಕಣ್ಣಿದೆಯೇನೋ? ಎಡಕ್ಕೆ ನೋಡಿ ಬಲಕ್ಕೆ ಒದೆಯುವ ನಿನ್ನ ಆ ಮೋಸವನ್ನು ಕಲಿತದ್ದು ಯಾರ ಮೇಲೆ? ಗೋಡೆ ನಿನ್ನ ಭುಜ ನೋಡಿ ಮೊದಲೇ ಪಕ್ಕಕ್ಕೆ ಸರಿಯುತ್ತಿತ್ತೇ? ‘ಮತ್ತೆ ಅದೇ ಒದೆತ, ಥೂ, ಬೇರೆ ಕಲಿಯೋ’ ಎಂದು ಬೈಯುತ್ತಿತ್ತೇ? ಕಾಮೆಂಟರಿ ಹೇಳುವವರು ಕಿರುಚುತ್ತಾರಲ್ಲ, ಕೀಪರನ ಬಲಗಡೆ, ನೆಲಮಟ್ಟ, ಇದು ಇವನದೇ ಮೂಲೆ ಅಂತ! ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಓಣಿಯಲ್ಲಿ ನನ್ನ ಬಲಗಡೆ ತೆರೆದ ಚರಂಡಿ. ಶಾಲೆಗೆ ಹಾಕಿಕೊಳ್ಳಲು ನನಗಿದ್ದದ್ದು ಒಂದೇ ಲಂಗ. ಅಕ್ಕ ಸತ್ತರೂ ಆ ಕಡೆ ಹಾರುವುದಿಲ್ಲ ಎಂದು ನಿನಗೆ ಗೊತ್ತಿತ್ತು, ಕಳ್ಳ. ದಿನಾ ಅಲ್ಲಿಗೇ ಹೊಡೆದು ಹೊಡೆದು ಕಾಲಿಗೆ ರೂಢಿಯಾಯಿತು. ಆಮೇಲೆ ಕೋಟು ಹಾಕಿದವರು ಅದಕ್ಕೆ ಪ್ರತಿಭೆ ಎಂದು ಹೆಸರಿಟ್ಟರು.

ಒಂದೇ ಒಂದು ಸಲ ನಾನು ಆ ಕಡೆ ಹಾರಿದ್ದೆ. ಮಹಿಳಾ ತಂಡದವರು ನನ್ನನ್ನು ಆಯ್ಕೆಗೆ ಕರೆದಿದ್ದರಲ್ಲ, ಅದರ ಹಿಂದಿನ ವಾರ. ಅಲ್ಲಿ ಹೋಗಿ ಲಂಗ ನೋಡಿಕೊಂಡು ನಿಂತರೆ ಆಗುತ್ತದೆಯೇ ಎಂದು ಧೈರ್ಯ ಮಾಡಿದೆ. ಚೆಂಡನ್ನು ತಡೆದೆ. ಮಣಿಕಟ್ಟು ಚರಂಡಿಯ ಕಲ್ಲಿಗೆ ಬಡಿದು ಮುರಿಯಿತು. ನೀನು ಅಳುತ್ತಾ, “ಅಕ್ಕಾ, ಹೇಳ್ಬೇಡ, ಅಪ್ಪ ಚೆಂಡು ಕೊಯ್ದು ಹಾಕ್ತಾರೆ” ಅಂದೆ. ಮೆಟ್ಟಿಲ ಮೇಲೆ ಜಾರಿದೆ ಎಂದು ಮನೆಯಲ್ಲಿ ಹೇಳಿದೆ. ಎಲ್ಲರೂ ನಂಬಿದರು. ನನ್ನ ಆಯ್ಕೆ ಹೋಯಿತು. ನಿನ್ನದಕ್ಕೆ ನಾನೇ ನಿನ್ನನ್ನು ಕರೆದುಕೊಂಡು ಹೋದೆ, ಕೈಗೆ ಪ್ಲಾಸ್ಟರು, ಹೆಗಲಿಗೆ ನಿನ್ನ ಚೀಲ.

ಗೋಡೆ ಹುಟ್ಟಿದ್ದು ಅಲ್ಲಿ. ಯಾರ ಜೊತೆ ಪ್ರಾಕ್ಟೀಸ್ ಮಾಡ್ತೀಯಪ್ಪಾ ಎಂದು ಕೋಚ್ ಕೇಳಿದರು. ಸುತ್ತ ಹುಡುಗರು ನಿಂತಿದ್ದರು. ನೀನು ನನ್ನ ಮುಖ ನೋಡಿ, ಕಣ್ಣು ತಪ್ಪಿಸಿ, “ಗೋಡೆ ಜೊತೆ ಸಾರ್” ಅಂದೆ. ಅಕ್ಕನ ಜೊತೆ ಅಂದಿದ್ದರೆ ಆ ಹುಡುಗರು ನಗುತ್ತಿದ್ದರು, ಅದು ನನಗೂ ಅರ್ಥವಾಯಿತು. ಚಿಕ್ಕವನು, ಹೆದರಿದ ಎಂದುಕೊಂಡು ಸುಮ್ಮನಾದೆ. ಆದರೆ ನಿನಗೆ ಮೀಸೆ ಬಂತು, ದೊಡ್ಡ ಕ್ಲಬ್ ಬಂತು, ಮದುವೆಯಾಯಿತು, ತಲೆಯಲ್ಲಿ ನೆರೆಯೂ ಬಂತು. ಗೋಡೆ ಮಾತ್ರ ಹಾಗೇ ಉಳಿಯಿತು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಆ ವರ್ಷ ನೆನಪಿದೆಯೇ, ಪಂದ್ಯದ ಮೇಲೆ ಪಂದ್ಯ ಗೋಲಿಲ್ಲದೆ, ನಿನ್ನನ್ನು ಬೆಂಚಿನ ಮೇಲೆ ಕೂರಿಸಿ, ನಿನ್ನ ಹೆಸರು ಕೂಗುತ್ತಿದ್ದವರೇ ಬೈಯತೊಡಗಿದ್ದರು? “ಕಾಲು ಮಾತೇ ಕೇಳ್ತಿಲ್ಲ ಅಕ್ಕಾ” ಎಂದು ಫೋನಿನಲ್ಲಿ ಬಿಕ್ಕಿದೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸದಲ್ಲಿದ್ದೆ, ಮೆಷಿನ್ನಿನ ಸದ್ದಿನಲ್ಲಿ ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದೆ. ಯೋಚನೆ ಬಿಡು, ಚರಂಡಿ ಕಡೆಗೆ ಹೊಡಿ ಅಂದೆ. ಮುಂದಿನ ಪಂದ್ಯದಲ್ಲೇ ಗೋಲು ಬಂತು. ಪತ್ರಕರ್ತರು ಹೇಗೆ ಎಂದು ಕೇಳಿದರೆ, ನಮ್ಮ ಓಣಿಯ ಗೋಡೆ ನೆನಪಾಯ್ತು ಎಂದೆಯಲ್ಲೋ! ಅವತ್ತು ನನ್ನ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಒದ್ದೆ ಬೆಡ್‌ಶೀಟು ಎತ್ತಿ ಹಾಕುವಾಗ ಈ ಮಣಿಕಟ್ಟು ಚುಳ್ ಅನ್ನುತ್ತದೆ, ಅದರ ಜೊತೆ ಹೊಟ್ಟೆಯೂ.

ನನಗೆ ನಿನ್ನಿಂದ ಬೇರೇನೂ ಬೇಡ. ಮೈಕು ಹಿಡಿದಾಗ ಒಂದು ಮಾತು ಹೇಳು: ಗೋಡೆಯ ಮುಂದೆ ನನ್ನ ಅಕ್ಕ ನಿಲ್ಲುತ್ತಿದ್ದಳು. ಅಷ್ಟೇ. ಕೈಯ ವಿಷಯ ಬೇಡ, ಅದು ನಮ್ಮಿಬ್ಬರಲ್ಲೇ ಇರಲಿ. ಹೇಳುತ್ತೇನೆ ಎಂದು ಒಂದು ಸಾಲು ಬರೆದರೆ ಸಾಕು, ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ನಿನ್ನ ಗೋಡೆಗೂ ಚಪ್ಪಾಳೆ ತಟ್ಟುತ್ತೇನೆ. ಬರಬೇಕೆಂದು ಆಸೆಯೂ ಇದೆ ಕಣೋ. ಎಷ್ಟಾದರೂ ನೀನು ಆಡುವ ಕೊನೆಯ ಆಟ.

ಮಂಡಿಗೆ ಐಸ್ ಇಡುವುದನ್ನು ಮರೆಯಬೇಡ.

ನಿನ್ನ,
ಅಕ್ಕ

ಮರೆತ ಮಾತು (ಬುಧವಾರ): ಕಾಗದ ಅಂಚೆಗೆ ಹಾಕುವುದು ತಡವಾಯಿತು, ಒಳ್ಳೆಯದೇ ಆಯಿತು. ಸೋಮವಾರ ಟೀವಿಯ ಹುಡುಗಿ ಮೈಕು ಹಿಡಿದು ಮನೆಗೇ ಬಂದಳು. ನಾನು ಬಾಯಿ ಬಿಡಲಿಲ್ಲ. ಅಮ್ಮನೇ ಶುರು ಮಾಡಿದಳು: “ಗೋಡೆನಾ? ಯಾವ ಗೋಡೆ? ನನ್ನ ಮಗಳು ನಿಂತ್ಕೋತಿದ್ಲು. ಅವನ ಚೆಂಡು ತಡೆಯೋಕೆ ಹೋಗೇ ಕೈ ಮುರ್ಕೊಂಡ್ಲು. ಮೆಟ್ಟಿಲು ಅಂತ ಸುಳ್ಳು ಹೇಳಿದ್ಲು, ನಂಗೆ ಗೊತ್ತಾಗಲ್ವಾ? ಲಂಗದ ತುಂಬಾ ಚರಂಡಿ ಕೆಸರು.” ಇಷ್ಟು ವರ್ಷ ಅವಳೂ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಮೋಟ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ನಿನ್ನೆ ಸಂಜೆ ಅದು ಟೀವಿಯಲ್ಲಿ ಬಂತು. ಅಮ್ಮ ನಕ್ಕದ್ದು ಬಂತು, ನಿನ್ನ ಚಿಕ್ಕಂದಿನ ಫೋಟೋ ಬಂತು, ಗೋಡೆ ಬಂತು. ಆ ಮಾತು ಬರಲಿಲ್ಲ. ಆ ಹುಡುಗಿಯೇ ಫೋನು ಮಾಡಿ, “ಬೇಜಾರು ಮಾಡ್ಕೋಬೇಡಿ ಅಕ್ಕಾ, ನಿಮ್ಮ ತಮ್ಮ ಅವ್ರೇ ನೋಡಿ ತೆಗೆಸಿದ್ರು” ಅಂದಳು.

ನಾವು ಬರುವುದಿಲ್ಲ. ಕಾರು ಕಳಿಸಬೇಡ. ಆದರೆ ಅಮ್ಮ ನಿನ್ನೆಯಿಂದ ಟೀವಿಯ ಮುಂದಿನಿಂದ ಏಳುತ್ತಿಲ್ಲ. ನಾನು ಹೇಳಿದ್ದು ಯಾವಾಗ ತೋರಿಸ್ತಾರೆ ಎಂದು ಕೇಳುತ್ತಲೇ ಇದ್ದಾಳೆ. ಅವಳಿಗೆ ನಾನು ಹೇಳಲಾರೆ. ಫೋನು ಮಾಡಿ ನೀನೇ ಹೇಳು.