ಬಿಟ್ಟವರು ನಲವತ್ತೊಂದು

ಚಿಕ್ಕಯ್ಯನಛತ್ರ
12-8-2025, ಮಂಗಳವಾರ

ಪ್ರೀತಿಯ ಮಗಳು ಪವಿತ್ರಂಗೆ,

ನಿನ್ನಪ್ಪನ ಆಶೀರ್ವಾದ. ಸೊಂಟದ ನೋವು ಹೆಂಗಿದೆ? ನರಸೀಪುರದ ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ತಾ ಇದ್ದೀಯೋ, ಇಲ್ಲಾ ಶೀಶೆ ಕಿಟಕೀಲೇ ಕೂತಿದೆಯೋ? ನಿಮ್ಮವ್ವನ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ಅದನ್ನ ಜೋರು ಮಾಡಿ ಒಲೆ ಪಕ್ಕ ಇಟ್ಟು ಮಾತಾಡ್ತೀಯ, ಅಳಿಯಂದ್ರು ಅಲ್ಲೇ ಕೂತಿರ್ತಾರೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದು.

ನಮ್ಮ ಕುಡಿತ ಬಿಡಿಸೋ ಕೇಂದ್ರಕ್ಕೆ ದುಡ್ಡು ಕೊಡ್ತಿದ್ದ ಟ್ರಸ್ಟಿನವರು ಈ ತಿಂಗಳಿಗೆ ನಿಲ್ಲಿಸ್ತೀವಿ ಅಂತ ಬರೆದವ್ರೆ. ಯಾಕೆ ಗೊತ್ತಾ? ನನ್ನ ರಿಜಿಸ್ಟರಿಂದ. ಕೇಂದ್ರ ನಡೆಸೋ ವಿಶಾಲಮ್ಮ ಮೇಡಂ ಬಾಗಿಲು ಕಾಯೋದರ ಜೊತೆ ಹೆಸರು ಬರೆಯೋ ಕೆಲಸಾನೂ ನಂಗೇ ಕೊಟ್ಟವ್ರಲ್ಲ, ನಾನು ಗೆರೆ ಎಳೆದು ಎರಡು ಕಾಲಂ ಮಾಡಿದ್ದೆ. ಬಂದವರು, ಬಿಟ್ಟವರು. ಬಂದವರು ಅರವತ್ತಮೂರು, ಬಿಟ್ಟವರು ನಲವತ್ತೊಂದು. ಬಿಟ್ಟವರು ಅಂದ್ರೆ ಕುಡಿಯೋದು ಬಿಟ್ಟವರು ಅಂತ ಇಲ್ಲಿ ಅಂಗಡಿ ಮುಂದಿನ ನಾಯಿಗೂ ಗೊತ್ತು. ಟ್ರಸ್ಟಿನ ಆ ಹೇಮಂತ್ ಅನ್ನೋ ಆಫೀಸರು ಒಂದು ಗಂಟೆ ಕೂತು, ಎರಡು ಟೀ ಕುಡಿದು, ಒಟ್ಟು ಲೆಕ್ಕದ ಹಾಳೆ ಫೋಟೋ ಹೊಡ್ಕೊಂಡು ಹೋದ. ಹೋಗಿ ಏನು ಬರೆದ? ಕೇಂದ್ರವನ್ನೇ ಅರ್ಧಕ್ಕೆ ಬಿಟ್ಟು ಓಡಿದವರು ನಲವತ್ತೊಂದು ಅಂತ! ನೂರಕ್ಕೆ ಅರವತ್ತೈದು ಜನಕ್ಕೆ ನಮ್ಮ ಕೆಲಸ ಹಿಡಿಸಿಲ್ವಂತೆ.

ಮೈಯೆಲ್ಲಾ ಉರಿದುಹೋಯ್ತು ಕಣವ್ವ. ಫೋನ್ ಹಚ್ಚಿ, "ಏನು ಬಿಟ್ಟವರು ಅಂತ ಒಂದು ಮಾತು ಕೇಳೋಕೆ ಬಾಯಿಗೇನಾಗಿತ್ತು ಸ್ವಾಮಿ?" ಅಂದೆ. "ತಪ್ಪಾಯ್ತು ಯಜಮಾನ್ರೇ, ಆದರೆ ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ಬಿಟ್ಟವರಲ್ಲೇ ಇಬ್ಬರು ಬಂದು ಕಮಿಟಿ ಮುಂದೆ ಹೇಳಲಿ" ಅಂದ. ಹೇಳೋರು ಯಾರು? ನಾಲ್ಕು ದಿನ ಸೈಕಲ್ ತುಳಿದೆ. ಡೈರಿ ಸಣ್ಣಯ್ಯ "ನಾನು ಕುಡೀತಿದ್ದೆ ಅಂತ ನಿಂಗ್ಯಾವನ್ಲಾ ಹೇಳಿದ್ದು?" ಅಂತ ತಿರುಗಿಬಿದ್ದ. ಅವನ ವಾಂತಿ ಬಳಿದ ಕೈ ಇದು, ನಂಗ್ಯಾರು ಹೇಳಬೇಕು! ಪುಟ್ಟರಾಜು ಮಗಳಿಗೆ ಗಂಡು ನೋಡ್ತಾವ್ನೆ, ಬರೀ ಕೈ ಮುಗಿದ. ಅವನನ್ನ ಬೈಯೋಕಾಗಲಿಲ್ಲ. ಕುಡಿತ ಬಿಟ್ಟವನು ಈ ಕಡೆ ತಲೆ ಹಾಕಲ್ಲ, ಹಾಕಲೂಬಾರದು. ಇವರ ಲೆಕ್ಕದಲ್ಲಿ ಬಂದವನು ಬರ್ತಾನೇ ಇರಬೇಕು. ಇದೇನು ಹೋಟ್ಲಾ? ಈಗ ಒಳಗೆ ಏಳು ಜನ ಮಲಗವ್ರೆ. ಒಬ್ಬನ ಕೈಯಲ್ಲಿ ಲೋಟ ನಿಲ್ಲಲ್ಲ, ಅಷ್ಟು ನಡುಕ. ತಿಂಗಳ ಕೊನೇಲಿ ಅವನನ್ನ ಎಲ್ಲಿಗೆ ಅಟ್ಟಲಿ?

ಮಕ್ಕಳಿಗೆ ಹುರಿಹಿಟ್ಟು ಕಳಿಸಿದ್ದೀವಿ. ನಂಜುಂಡಪ್ಪ ನಿಮ್ಮನ್ನ ತಣ್ಣಗಿಟ್ಟಿರಲಿ.

ನಿನ್ನಪ್ಪ
ಬಸವಯ್ಯ

ಇನ್ನೊಂದು ಮಾತು: ಕಮಿಟಿ ಇಪ್ಪತ್ತೆರಡನೇ ತಾರೀಕು ಹತ್ತೂವರೆಗೆ, ನಂಜನಗೂಡಲ್ಲಿ. ಬಿಟ್ಟವರಲ್ಲಿ ಹದಿನೇಳನೇ ಹೆಸರು ಅಳಿಯಂದ್ರದು. ಅವರಿಲ್ಲಿ ಇಪ್ಪತ್ತೊಂದು ದಿನ ಇದ್ದಿದ್ದನ್ನ ನಿಮ್ಮವ್ವ ಇವತ್ತಿಗೂ ಮೇಷ್ಟ್ರ ಟ್ರೈನಿಂಗು ಅಂದ್ಕೊಂಡವ್ಳೆ. ಕೇಳೋಕೆ ನಂಗೆ ಬಾಯಿಲ್ಲ, ನೀನೇ ಹೊತ್ತು ನೋಡಿ ಕೇಳು. ಬೇಡ ಅಂದ್ರೆ ಮುಖ ಊದಿಸಬೇಡ, ಈ ಕಾಗದ ಒಲೆಗೆ ಹಾಕು. ಕೇಂದ್ರಕ್ಕೆ ಬೀಗ ಬಿದ್ರೂ ಸರಿ, ಆ ಹೆಸರು ನನ್ನ ಬಾಯಿಂದ ಬರಲ್ಲ.