‘ಕಿವಿ: ಸರಿ ಇದೆ’ ಎಂದು ಬರೆದವರಿಗೆ

ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಏಳು ವರ್ಷದ ಮಗಳು ಗಾನವಿಗೆ ಎರಡೂ ಕಿವಿ ಮಂದವಾಗಿವೆ. ನಿಮ್ಮ ತಂಡ ಕೊಟ್ಟ ಕಾರ್ಡಿನಲ್ಲಿ ಮಾತ್ರ ‘ಕಿವಿ: ಸರಿ ಇದೆ’ ಎಂದಿದೆ. ಅಕ್ಷರ ದುಂಡಗಿವೆ, ಮೆಚ್ಚಬೇಕು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದವರು ಯಾರು ಸ್ವಾಮಿ? ಎದುರಿಗೆ ನಿಂತು ಹೆಸರು ಕೂಗಿದರೆ ಮಗು ತುಟಿ ನೋಡಿಯೇ ‘ಹ್ಞೂಂ’ ಎನ್ನುತ್ತದೆ. ಅರ್ಧ ಗಂಟೆಯಲ್ಲಿ ಇಡೀ ಶಾಲೆಯ ಕಿವಿಗಳನ್ನು ಮುಗಿಸಿದ ಆ ಚುರುಕು ಬೇರೆ ಯಾವ ಇಲಾಖೆಗಿದೆ?

ಬಯ್ಯುವ ಹಕ್ಕು ನನಗಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೋದ ವರ್ಷ ಶೀತದ ಹಿಂದೆಯೇ ಮಗು ಕಿವಿ ಹಿಡಿದುಕೊಂಡು ಅತ್ತಾಗ ನಮ್ಮ ತೋಟದ್ದೇ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಕಿವಿಗೆ ಬಿಟ್ಟೆ. ‘ಆಸ್ಪತ್ರೆಗೆ ತೋರ್ಸಣ ಕಣ್ರೀ’ ಅಂದಳು ಹೆಂಡತಿ ಪವಿತ್ರಾ. ‘ನಮ್ಮೆಣ್ಣೆ ಊರೂರಿಗೆ ಹೋಗ್ತೈತೆ, ನಮ್ಮ ಮಗೀಗೆ ಆಗಲ್ವಾ? ಸುಮ್ಕಿರು’ ಅಂದೆ. ಕೀವು ಸೋರಿದ ಮೇಲೆ ಡಾಕ್ಟರು ಏಳು ದಿನದ ಔಷಧಿ ಕೊಟ್ಟರು. ಎರಡೇ ದಿನಕ್ಕೆ ಜ್ವರ ಬಿಟ್ಟಿತು. ‘ಹುಷಾರಾದ್ಲು ಬುಡು’ ಎಂದು ಸೀಸೆಯನ್ನು ಗೂಡಿನಲ್ಲಿಟ್ಟೆ. ಆಮೇಲೂ ಕಿವಿ ಸೋರುವುದು, ನಿಲ್ಲುವುದು ನಡೆದೇ ಇತ್ತು. ನಿಂತಾಗಲೆಲ್ಲ ವಾಸಿಯಾಯಿತು ಎಂದುಕೊಂಡೆ.

ನಮ್ಮ ಕಡೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಆಮೇಲೆ ಕಿವಿಯ ಬಳಿ ಅಲ್ಲಾಡಿಸುತ್ತೇವೆ. ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದರ್ಥ. ಆ ಸದ್ದಿನಲ್ಲಿ ನಾನು ತಪ್ಪಿದವನಲ್ಲ, ಎಂಥಾ ಜಂಬ! ಬೇಸಿಗೆ ರಜೆಯಲ್ಲಿ ಗಾನವಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಆದ ಕಾಯಿಗಳನ್ನೆಲ್ಲ ಅವಳು ಆಗದ ರಾಶಿಗೆ ಹಾಕುತ್ತಿದ್ದಳು. ‘ಗ್ಯಾನ ಎಲ್ಲೈತೆ ನಿಂಗೆ?’ ಎಂದು ಬೆನ್ನಿಗೆ ಬಾರಿಸಿದೆ.

‘ಸದ್ದು ಬರ್ಲಿಲ್ಲ ಅಪ್ಪಾಜಿ’ ಎಂದು ಅತ್ತಳು. ಆ ಏಟನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದಾಗದು.

ಆಮೇಲೆ ಕರೆದುಕೊಂಡು ಹೋಗಿ ತೋರಿಸಿದಾಗ ತಿಪಟೂರಿನ ಕಿವಿ ಡಾಕ್ಟರು ಬಿಡಿಸಿ ಹೇಳಿದರು: ‘ಮೂಗು, ಗಂಟಲಿನ ಬ್ಯಾಕ್ಟೀರಿಯಾ ಸಣ್ಣ ನಾಳದಲ್ಲಿ ಹತ್ತಿ ಕಿವಿಯ ತಮಟೆ ಹಿಂದೆ ಸೇರ್ಕೊಂಡು ಕೀವು ಮಾಡ್ತವೆ. ನಿಮ್ಮೆಣ್ಣೆ ಅಲ್ಲಿಗೆ ಮುಟ್ಟಲ್ಲ. ತಮಟೆ ತೂತಾದ್ಮೇಲೆ ಮುಟ್ಟಿದ್ರೆ ಇನ್ನೂ ಕೆಡುಕು. ಔಷಧಿ ಅರ್ಧಕ್ಕೇ ಬಿಟ್ರಲ್ಲ, ಉಳಿದಿದ್ದವು ಸುಮ್ನಿರ್ತವಾ?’ ಆಪರೇಷನ್ ಮಾಡಿದರೆ ಒಂದಿಷ್ಟು ಕೇಳಿಸೀತು ಎಂದಿದ್ದಾರೆ. ಒಂದಿಷ್ಟು ಎಂದರೆ ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ.

ಇನ್ನು ಮುಂದೆ ನಿಮ್ಮವರು ದೀಪವಿರುವ ಉಪಕರಣ ಹಿಡಿದು ಬರಲಿ, ಒಂದೊಂದು ಕಿವಿಯ ಒಳಗನ್ನೂ ನೋಡಲಿ, ಮಗುವಿನ ಬೆನ್ನ ಹಿಂದೆ ನಿಂತು ಕೂಗಲಿ. ಅದೇ ದಿನ ತಂದೆತಾಯಂದಿರನ್ನೂ ಕರೆಸಿ. ನನ್ನ ಎಣ್ಣೆಯ ಕಥೆಯನ್ನು ನಾನೇ ಎದ್ದು ನಿಂತು ಹೇಳುತ್ತೇನೆ. ಊರು ನಗಲಿ, ಪರವಾಗಿಲ್ಲ.

ಗಾನವಿ ಈಗಲೂ ಬಂದು ನನ್ನ ಪಕ್ಕ ಕೂರುತ್ತಾಳೆ. ಬೇಡವೆಂದರೂ ಕಾಯಿ ಎತ್ತಿ ಅಲ್ಲಾಡಿಸುತ್ತಾಳೆ. ಆಮೇಲೆ ನನ್ನ ಮುಖ ನೋಡಿ, ಯಾವ ರಾಶಿಗೆ ಹಾಕಬೇಕೆಂದು ತಿಳಿದುಕೊಳ್ಳುತ್ತಾಳೆ.

ಇಂತಿ,
ಕಾಯಿಯ ಸದ್ದು ಬಲ್ಲೆನೆಂದು ಬೀಗುತ್ತಿದ್ದ
ಗಾನವಿಯ ಅಪ್ಪ, ಯೋಗೀಶ್
ಹೊನ್ನವಳ್ಳಿ ಕಡೆಯ ಒಂದು ತೋಟದಿಂದ