ಅಡುಗೆಮನೆ ಗೋಡೆಯ ಹೀರೆ ಬೀಜ

ಚಿಕ್ಕಬಳ್ಳಾಪುರ
28 ಜನವರಿ 2026

ಪ್ರೀತಿಯ ಅತ್ತೆಯವರಿಗೆ,

ಲಾವಣ್ಯಳ ನಮಸ್ಕಾರ. ವಿಚ್ಛೇದನವಾದ ಮೇಲೂ ಅತ್ತೆ ಎಂದು ಬರೆಯಬಹುದೇ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಬೇರೆ ಹೆಸರು ಹೊಳೆಯಲಿಲ್ಲ.

ನಿಮ್ಮ ಎದುರುಮನೆಯ ಮುನೇಶ್ ಬೆಳಿಗ್ಗೆ ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಒಯ್ಯುವ ದಾರಿಯಲ್ಲಿ ಇಲ್ಲಿಗೆ ಬಂದಿದ್ದ. "ಅಕ್ಕಾ, ಪೇಂಟ್ ಹೊಡಿಯೋರು ಅಡುಗೆಮನೆ ಗೋಡೇಲಿದ್ದ ಬೀಜದ ಬೆರಣಿ ಎಲ್ಲಾ ಕೆರೆದು ತಿಪ್ಪೆಗೆ ಹಾಕ್ಬಿಟ್ರು. ದೊಡ್ಡಮ್ಮ ಸರಿಯಾಗಿ ಊಟಾನೂ ಮಾಡ್ತಿಲ್ಲ. ನಿಮ್ಮತ್ರ ಹೀರೆ ಬೀಜ ಇದ್ರೆ ಇಸ್ಕೊಂಡು ಬಾ ಅಂದವ್ರೆ" ಎಂದ. ಈಗ ಯಾಕೆ ಬಣ್ಣ ಎಂದು ನಾನು ಕೇಳಲಿಲ್ಲ. ನಿಮ್ಮ ಮಗ ಅಂಬರೀಶ್‌ಗೆ ಮತ್ತೆ ಮದುವೆ ಗೊತ್ತಾಗಿರುವುದು ನನಗೆ ಆಗಲೇ ತಿಳಿದಿತ್ತು. ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಅಥವಾ ಹಾಗೆಂದುಕೊಂಡಿದ್ದೇನೆ.

ಬೀಜ ಇದೆ ಅತ್ತೆ.

ಮದುವೆಯಾದ ಹೊಸದರಲ್ಲಿ ನೀವು ಸಗಣಿಯಲ್ಲಿ ಬೀಜ ಒತ್ತಿ ಒಲೆಯ ಮೇಲಿನ ಗೋಡೆಗೆ ತಟ್ಟುವುದನ್ನು ಕಂಡು ಮೂಗು ಮುಚ್ಚಿ ಮುಖ ತಿರುಗಿಸಿದ್ದೆ. "ಮೂಗು ನೀನ್ಯಾಕೆ ಮುಚ್ಕೋತೀಯಮ್ಮ, ಹುಳ ಮುಚ್ಕೊಳ್ಳಲಿ" ಎಂದು ನಕ್ಕಿದ್ದಿರಿ. ನಾನು ಮನೆ ಬಿಟ್ಟ ದಿನ ಅದೇ ಗೋಡೆಯಿಂದ ಒಂದು ಬೆರಣಿ ಕಿತ್ತು ನನ್ನ ಬ್ಯಾಗಿಗೆ ಹಾಕಿದಿರಿ. "ಬೀಜಾನೆಲ್ಲ ಒಂದೇ ಮನೇಲಿ ಇಡಬಾರ್ದು ಕಣಮ್ಮ" ಎಂದಷ್ಟೇ ಹೇಳಿ ಒಳಗೆ ಹೋದಿರಿ. ಅದು ಬೀಳ್ಕೊಡುವ ಮಾತೋ, ನನ್ನನ್ನು ನಿಮ್ಮವಳಾಗಿಯೇ ಉಳಿಸಿಕೊಂಡ ಮಾತೋ? ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ತಾರಸಿಯಲ್ಲಿ ಹಳೆಯ ಡ್ರಮ್ಮಿಗೆ ಮಣ್ಣು ತುಂಬಿ ಬಳ್ಳಿ ಹಬ್ಬಿಸಿದೆ. ನಿಮ್ಮಂತೆಯೇ ಮೊದಲ ಕಾಯಿಗಳನ್ನು ಸಾರಿಗೆ ಹಾಕಿ, ಬಳ್ಳಿ ಮೈದುಂಬಿದಾಗ ಬಂದ ನೆಟ್ಟನೆಯ ಕಾಯಿಯೊಂದಕ್ಕೆ ಸೀರೆಯಂಚಿನ ಚೂರು ಕಟ್ಟಿದೆ, ಯಾರೂ ಕೀಳದಿರಲಿ ಎಂದು. ಕೆಳಮನೆಯ ಅಮ್ಮಾಜಮ್ಮ, "ಎಳೇದಿದ್ದಾಗ ಬಜ್ಜಿ ಹಾಕೋದು ಬಿಟ್ಟು ಇದಕ್ಕೆ ಸೀಮಂತ ಮಾಡ್ತೀಯೇನೇ?" ಎಂದು ದಿನಾ ರೇಗಿಸುತ್ತಿದ್ದರು.

ಕಾಯಿ ಬಳ್ಳಿಯಲ್ಲೇ ಒಣಗಿ ನಾರಾಯಿತು. ನೀರಿನಲ್ಲಿ ತೇಲಿದ ಬೀಜ ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಸವರಿ ಡಬ್ಬಿಗೆ ಹಾಕಿದ್ದೇನೆ. ಬಾಡಿಗೆ ಮನೆಯ ಗೋಡೆಗೆ ಸಗಣಿ ತಟ್ಟಿದರೆ ಓನರ್ ಸುಮ್ಮನಿರುವರೇ? ಕೆಲವು ಸಂಜೆ ಡಬ್ಬಿಯನ್ನು ಸುಮ್ಮನೆ ಅಲುಗಿಸುತ್ತೇನೆ. ಗಲಗಲ ಎನ್ನುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಕೂತಂತಾಗುತ್ತದೆ.

ನಾನೇ ತಂದು ನಿಮ್ಮ ಕೈಗೆ ಕೊಡಬೇಕೆಂಬ ಆಸೆಯಿದೆ. ಆದರೆ ಮದುವೆಯ ಮನೆಗೆ ಈಗ ನಾನು ಬರುವುದು ಸರಿಯಲ್ಲ, ಬರುವ ಹುಡುಗಿಗೂ ಇರಿಸುಮುರಿಸು. ಸಂಜೆ ಮುನೇಶ್ ಊರಿಗೆ ಹಿಂದಿರುಗುವಾಗ ಈ ಪತ್ರದ ಜೊತೆ ಡಬ್ಬಿಯನ್ನೂ ಕೊಡುತ್ತೇನೆ. ಬೆರಣಿ ತಟ್ಟುವುದನ್ನು ಅವಳಿಗೂ ಕಲಿಸಿ. ಮೊದಲ ಸಲ ಮುಖ ತಿರುಗಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಂತಿ ನಿಮ್ಮ,
ಲಾವಣ್ಯ

ತಾ.ಕ.: ಮುನೇಶ್ ಬಂದು ಬಾಗಿಲಲ್ಲಿ ನಿಂತಿದ್ದಾನೆ. "ಬೀಜ ಇನ್ನೂ ಹಸಿ ಇದೆ ಕಣಪ್ಪ, ಈಗ್ಲೇ ತಗೊಂಡೋದ್ರೆ ಬೂಷ್ಟು ಬರುತ್ತೆ" ಎಂದುಬಿಟ್ಟೆ. ಪತ್ರ ಮಾತ್ರ ಕೊಡುತ್ತಿದ್ದೇನೆ. ನಿಮ್ಮ ಮಂಚೇನಹಳ್ಳಿಯ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ ಅತ್ತೆ. ಒಣಗಿದೆಯೋ ಇಲ್ಲವೋ, ನೀವೇ ಬಂದು ಅಲುಗಿಸಿ ನೋಡಿ.